ತೋಳಿನ ವಿಷಯ ನಾನು ಹೇಳಲಿಲ್ಲ

ನಿನ್ನ ತೋಳುಗಳನ್ನೂ ನಾನು ನೋಡಿದ್ದೆ, ಸುಜಾತಾ. ಹೊಟ್ಟೆ ನೋಡುವುದಕ್ಕೆ ಮೊದಲೇ ನೋಡಿದ್ದೆ. ಜೋತುಬಿದ್ದ ಆ ಚರ್ಮಕ್ಕೆ ನನ್ನ ಕೈಯಾರೆ ಅರಿಶಿನ ಹಚ್ಚಿದ್ದೆ. ಆದರೂ ಅವತ್ತು ಅಷ್ಟು ಜನರ ಮುಂದೆ ಹೊಟ್ಟೆಯ ವಿಷಯ ಮಾತ್ರ ಹೇಳಿದೆ, ತೋಳಿನ ವಿಷಯ ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ — ಗೊತ್ತಿದ್ದೇ ಬಿಟ್ಟದ್ದು. ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳದೆ ಚೆನ್ನಾಗಿಯೇ ಉಂಡುಟ್ಟುಕೊಂಡು ಇದ್ದೆ.

ಸುಜಾತಾ ಎಂಬುದು ನಿನ್ನ ಹೆಸರಲ್ಲ. ನಿನ್ನ ಹೆಸರನ್ನು ಒಮ್ಮೆ ಬೀದಿಗೆ ಎಳೆದವಳು ನಾನು, ಇನ್ನೊಮ್ಮೆ ಎಳೆಯುವುದು ಬೇಡ. ಓದುವವರಿಗೆ ಇಷ್ಟು ಗೊತ್ತಾದರೆ ಸಾಕು: ನೀನು ಮತ್ತೋಡು ಕಡೆಯ ಹುಡುಗಿ, ನನ್ನ ತಮ್ಮನಿಗೆ ಗೊತ್ತುಮಾಡಿದ್ದ ಹೆಣ್ಣು. ನಾನು ಹುಡುಗನ ಅಕ್ಕ. ಚಿತ್ರದುರ್ಗದಲ್ಲಿ ಅಂಗನವಾಡಿ ಟೀಚರು. ಆಗ ನನಗೆ ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಿಲ್ಲ.

ನನ್ನ ತವರು ಐಮಂಗಲದ ಹತ್ತಿರ, ಕುರಿ ಸಾಕುವ ಮನೆ. ಅಪ್ಪ ಸಂತೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ‘ಇದು ಇನ್ನೂ ಒಂದ್ ಮರೀನೂ ಹಾಕಿಲ್ಲ’ ಎಂದು ಮಾರುವವನು ಆಣೆ ಇಟ್ಟು ಹೇಳಿದರೂ ಅಪ್ಪ ನಂಬುತ್ತಿರಲಿಲ್ಲ. ಕುರಿಯ ಹೊಟ್ಟೆಯಡಿ ಕೈ ಹಾಕಿ, ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಹೇಳುತ್ತಿದ್ದ. ಬಿಗಿಯಿದ್ದರೆ ಹಾಕಿಲ್ಲ, ಸಡಿಲವಿದ್ದರೆ ಹಾಕಿದೆ. ಹನ್ನೆರಡು ವರ್ಷಕ್ಕೆಲ್ಲ ಆ ವಿದ್ಯೆ ನನಗೂ ಬಂತು. ಇವಳ ಕೈ ತಪ್ಪುವುದಿಲ್ಲ ಎಂದು ಹಟ್ಟಿಯವರೆಲ್ಲ ಹೇಳುತ್ತಿದ್ದರು, ನಾನೂ ಅದನ್ನು ನಂಬಿಕೊಂಡು ಬೀಗುತ್ತಿದ್ದೆ. ಹೆಂಗಸರ ಮೈಗೂ ಅದೇ ಲೆಕ್ಕ ಎಂದು ಅಪ್ಪ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ಬುದ್ಧಿವಂತಿಕೆ.

ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲಿ. ಹಿಂದಿನ ದಿನವೇ ಹೆಣ್ಣನ್ನು ಕರೆತರುತ್ತಾರೆ, ಗಂಡಿನ ಅಕ್ಕ ಅವಳಿಗೆ ಅರಿಶಿನ ಹಚ್ಚಿ, ನೀರೆರೆದು, ಗಂಡಿನ ಮನೆಯ ಸೀರೆ ಉಡಿಸಬೇಕು. ಅವತ್ತು ಬೆಳಿಗ್ಗೆಯೇ ನಮ್ಮ ಚಿಕ್ಕವ್ವ ತಗಾದೆ ತೆಗೆದಿದ್ದಳು: “ಮಕ್ಕಳಿಲ್ದೋಳ ಕೈಲಿ ಮೊದಲ್ನೇ ಅರಿಶ್ಣ ಬ್ಯಾಡ ಕಣ್ರವ್ವ.” ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ, ನನ್ನ ಅವ್ವ ಕೂಡ. ಚಪ್ಪರದ ಕೆಳಗೆ ಮಕ್ಕಳೊಂದಿಗರು ಶಾಸ್ತ್ರಕ್ಕೆ ಒಂದೊಂದು ಬೊಟ್ಟು ಹಚ್ಚಿದರು. ಆಮೇಲೆ ಬಚ್ಚಲಿನ ಕೆಲಸ ನನಗೆ ಬಿಟ್ಟರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಇದನ್ನು ನೆಪ ಮಾಡಿಕೊಳ್ಳಲು ಹೇಳುತ್ತಿಲ್ಲ... ಇದ್ದದ್ದನ್ನು ಹೇಳುತ್ತಿದ್ದೇನೆ.

ನೀನು ಮೊಣಕೈ ಮುಚ್ಚುವ ರವಿಕೆ ತೊಟ್ಟಿದ್ದೆ. ಅದನ್ನು ಬಿಚ್ಚಲು ಒಪ್ಪಲೇ ಇಲ್ಲ. “ಅಕ್ಕ, ನಾನೇ ಹಚ್ಕಂತೀನಿ ಬಿಡ್ರಿ” ಎಂದೆ. ನಾಚಿಕೆ ಎಂದುಕೊಂಡೆ. ನಕ್ಕು, ತಮಾಷೆ ಮಾಡಿ, ನಾನೇ ಬಿಚ್ಚಿಸಿದೆ. ತೋಳಿಗೆ ಕೈ ಹಾಕಿದರೆ — ಅಯ್ಯೋ, ಹಿಂಡದೆ ನೇತುಹಾಕಿದ ಬಟ್ಟೆಯ ಹಾಗೆ ಚರ್ಮ ಕೆಳಕ್ಕೆ ಬಿದ್ದಿತ್ತು. ಇಪ್ಪತ್ತನಾಲ್ಕರ ಹುಡುಗಿಗೆ ಅರವತ್ತರ ಮುದುಕಿಯ ತೋಳು! ನಾನು ಗಾಬರಿಯಾದೆ. ನೀನು ನನ್ನ ಮುಖ ನೋಡಿ ತಲೆ ತಗ್ಗಿಸಿ, “ಮದ್ಲು ಭಾಳ ದಪ್ಪ ಇದ್ದೆ ಅಕ್ಕ. ಮೂರ್ ವರ್ಷದಾಗೆ ಇಳ್ದೆ” ಎಂದೆ. ನಾನು ಹೂಂ ಎಂದೆ. ಹೂಂ ಎಂದದ್ದು ನೆನಪಿದೆ. ಆಮೇಲೆ ಕೈ ಹೊಟ್ಟೆಗೆ ಇಳಿಯಿತು, ಎರಡು ಬೆರಳು ತಾವಾಗಿಯೇ ಚರ್ಮ ಹಿಡಿದವು. ಮಡಿಕೆ ಬಿದ್ದ ಚರ್ಮ, ಅದರ ಮೇಲೆ ಬಿಳಿ ಗೀರುಗಳು. ಕೈ ತೀರ್ಪು ಕೊಟ್ಟಾಗಿತ್ತು.

ಅರಿಶಿನದ ಕೈಯಲ್ಲೇ ಹೊರಗೆ ಬಂದೆ. “ಅವ್ವಾ, ಹೆತ್ತ ಹೊಟ್ಟೆ ಕಣವ್ವ ಅದು!”

ಅವ್ವನ ಕಿವಿಯಲ್ಲಿ ಮೆಲ್ಲಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಚಪ್ಪರದ ಕೊನೆಯವರೆಗೂ ಕೇಳುವ ಹಾಗೆ ಹೇಳಿದೆ. ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ತಳ್ಳಿದ ಹೆಂಗಸರೆಲ್ಲ ಒಂದೇ ಸಲ ನನ್ನ ಕಡೆ ತಿರುಗಿದರು. ಹೆರುವ ವಿಷಯದಲ್ಲಿ ನನ್ನ ಮಾತಿಗೆ ಜನ ಬಾಯಿಬಿಟ್ಟುಕೊಂಡು ಕಾದದ್ದು ಅವತ್ತೇ ಮೊದಲು.

ಇಲ್ಲಿಯವರೆಗಿನದನ್ನು ತಿಳಿಯದೆ ಮಾಡಿದ್ದು ಎಂದು ಬೇಕಾದರೆ ಹೇಳಬಹುದು — ಅದೂ ಕಷ್ಟಪಟ್ಟು. ನನ್ನನ್ನು ಸುಡುವುದು ಅದರ ನಂತರದ್ದು.

ನಿನ್ನ ಅಪ್ಪ ಓಡಿ ಬಂದರು. ಅವರ ಮೊಬೈಲಿನಲ್ಲಿ ನಿನ್ನ ಹಳೆಯ ಫೋಟೋ ಇತ್ತು. ಎರಡರಷ್ಟು ದಪ್ಪ ಇದ್ದ ನೀನು, ಯಾರದೋ ಕೂಸನ್ನು ಎತ್ತಿಕೊಂಡು ನಗುತ್ತಿದ್ದೆ. ಅದನ್ನು ಎಲ್ಲರ ಮುಖದ ಮುಂದೆ ಹಿಡಿದು, “ನೋಡ್ರಿ, ಹಿಂಗಿತ್ತು ನನ್ ಮಗ್ಳು, ಊಟ ಬಿಟ್ಟು ಇಳ್ಸೈತೆ, ಅದ್ಕೇ ಚರ್ಮ ಹಂಗಾಗೈತೆ” ಎಂದು ಬೇಡಿಕೊಂಡರು. ‘ಯಾರ್ ಕೂಸು ಅದು?’ ಎಂದು ಯಾರೋ ಹಿಂದಿನಿಂದ ಕೇಳಿ ಕಿಸಕ್ಕನೆ ನಕ್ಕರು. ಆದರೆ ನಮ್ಮ ದೊಡ್ಡವ್ವ ನಗಲಿಲ್ಲ. ಅವಳು ಹಳೆಯ ಕಾಲದ ಗಟ್ಟಿ ಹೆಂಗಸು. ಎಲ್ಲರನ್ನೂ ಗದರಿಸಿ ಸುಮ್ಮನಾಗಿಸಿ ನನ್ನನ್ನು ಕೇಳಿದಳು:

“ನೋಡಿದೋಳು ನೀನೊಬ್ಳೇ. ಸರಿಯಾಗಿ ಹೇಳು. ಮೈಯಾಗೆ ಬ್ಯಾರೆ ಕಡೀಗೂ ಹಂಗೇ ಐತಾ, ಇಲ್ಲ ಹೊಟ್ಟೆ ಒಂದೇನಾ?”

ಎಷ್ಟು ಸರಿಯಾದ ಪ್ರಶ್ನೆ! ತೋಳು ಮಕ್ಕಳನ್ನು ಹೆರುವುದಿಲ್ಲ. ತೋಳಿನ ಚರ್ಮವೂ ಜೋತಿದ್ದರೆ ಅದು ಬಸಿರಿನಿಂದಾದದ್ದಲ್ಲ ಎಂದು ಆ ಓದುಬರಹವಿಲ್ಲದ ಮುದುಕಿಗೆ ಹೊಳೆದಿತ್ತು. ನನಗೂ ಆ ಕ್ಷಣ ಹೊಳೆಯಿತು. ನೀರು ಕುಡಿದಷ್ಟು ಸಲೀಸಾಗಿ ಎಲ್ಲವೂ ಅರ್ಥವಾಯಿತು. ತಪ್ಪಿದ್ದೇನೆ, ನನ್ನ ಕೈ ತಪ್ಪಿದೆ, ಈಗ ಹೇಳಿದರೆ ಮದುವೆ ಉಳಿಯುತ್ತದೆ ಎಂದು ಗೊತ್ತಾಯಿತು. ಜೊತೆಗೆ ಚಿಕ್ಕವ್ವನ ಮುಖವೂ ಕಂಡಿತು. ಹಡೆಯದವಳಿಗೆ ಹಡೆದ ಹೊಟ್ಟೆ ಏನು ಗೊತ್ತು ಎಂದು ನಗಲು ಅವಳು ತಯಾರಾಗಿದ್ದಳು.

“ಹೊಟ್ಟೆ ಒಂದೇ” ಎಂದೆ.

ಎರಡೇ ಮಾತು. ಬಚ್ಚಲಿನ ಬಾಗಿಲ ಸಂದಿಯಲ್ಲಿ ನೀನು ಕಂಬಳಿ ಹೊದ್ದು ನಿಂತಿದ್ದೆ. ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ನೀನು ಅಂದದ್ದು ನನಗೆ ಕೇಳಿಸಿತು: “ಅಕ್ಕ... ತೋಳಿಗೂ ನೀವೇ ಹಚ್ಚಿದ್ರಲ್ಲ.” ನಾನು ಬೇರೆ ಕಡೆ ನೋಡಿದೆ. ಇನ್ನೊಮ್ಮೆ ನೋಡೋಣ ಎಂದು ದೊಡ್ಡವ್ವ ಎದ್ದಳು, ಆದರೆ ನಿನ್ನ ಅಪ್ಪ ಅಡ್ಡ ನಿಂತರು. “ನನ್ ಮಗ್ಳೇನು ಸಂತೆ ಕುರೀನಾ? ನಡಿಯವ್ವ, ಹೋಗಾಣ.” ಮೈಮೇಲಿನ ಅರಿಶಿನವನ್ನು ತೊಳೆದುಕೊಳ್ಳದೆ ನೀನು ಟೆಂಪೋ ಹತ್ತಿದೆ. ಆಗ ಮಧ್ಯಾಹ್ನ ಮೂರು ಗಂಟೆ ಇರಬೇಕು. ನಮ್ಮಲ್ಲಿ ಯಾರೂ ನಿಮಗೆ ಊಟ ಮಾಡಿಕೊಂಡು ಹೋಗಿ ಎಂದು ಹೇಳಲಿಲ್ಲ.

ಆರು ತಿಂಗಳಲ್ಲಿ ತಮ್ಮನಿಗೆ ಬೇರೆ ಹೆಣ್ಣು ಸಿಕ್ಕಿತು. ಮನೆ ಉಳಿಸಿದವಳು ಎಂದು ನನ್ನನ್ನು ಹೊಗಳಿದರು. ಅವನ ಮದುವೆಯಲ್ಲಿ ಮೊದಲನೆಯ ಅರಿಶಿನ ನನ್ನ ಕೈಯಲ್ಲೇ ಹಚ್ಚಿಸಿದರು — ಚಿಕ್ಕವ್ವನೇ ಕರೆದಳು. ಹಚ್ಚಿದೆ, ಸುಜಾತಾ. ಕೈ ನಡುಗಲಿಲ್ಲ.

ಒಮ್ಮೆ ಹೊಸದುರ್ಗದ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸರು ನಿನ್ನ ವಿಷಯ ಮಾತಾಡುತ್ತಿದ್ದರು. ಹೆತ್ತು ಹೊಳಲ್ಕೆರೆ ಕಡೆ ಯಾರಿಗೋ ಕೊಟ್ಟಿದ್ದಾಳಂತೆ, ಗಂಡು ಮಗುವಂತೆ, ಈಗ ಸ್ಕೂಲಿಗೆ ಹೋಗುತ್ತದಂತೆ. ನಾನು ತಣ್ಣಗಾಗಿಬಿಟ್ಟೆ. ನನ್ನ ಬಾಯಿಂದ ಹುಟ್ಟಿದ ಮಗು ಅದು. ಅದಕ್ಕೆ ಯಾರೋ ಊರು ಕೊಟ್ಟಿದ್ದರು, ವಯಸ್ಸು ಕೊಟ್ಟಿದ್ದರು. ಅವರ ಹೆಗಲು ಮುಟ್ಟಿ ಇಲ್ಲ ಎನ್ನಬಹುದಿತ್ತು... ನನ್ನ ಸ್ಟಾಪ್ ಬಂತು, ಇಳಿದೆ. ಆಮೇಲೆ ನಿನ್ನನ್ನು ನೋಡಲು ಬಂದ ಎರಡು ಗಂಡುಗಳೂ ಹಿಂದಕ್ಕೆ ಹೋದವಂತೆ. ನಿನಗಿನ್ನೂ ಮದುವೆಯಾಗಿಲ್ಲ ಎಂದು ಕೇಳಿದ್ದೇನೆ.

ಇಷ್ಟಾದರೂ ನಾನೊಂದು ಸಂದು ಉಳಿಸಿಕೊಂಡಿದ್ದೆ, ಅಡಗಿಕೊಳ್ಳಲು. ತೋಳು ಹೇಗಾದರೂ ಇರಲಿ, ಹೆತ್ತೂ ಇರಬಹುದಲ್ಲ? ಹೊಟ್ಟೆಯ ಮಟ್ಟಿಗೆ ನನ್ನ ಕೈ ಸುಳ್ಳಾಡಿರಲಾರದಲ್ಲ? ಹೀಗೆ.

ಮೂರು ವರ್ಷದ ಹಿಂದೆ ನನ್ನ ತೂಕ ನೂರು ದಾಟಿತ್ತು. ಸಕ್ಕರೆ ಕಾಯಿಲೆ, ಮಂಡಿನೋವು. ಇಳಿಸದಿದ್ದರೆ ಕಾಲು ಹೋಗುತ್ತವೆ ಎಂದರು ಡಾಕ್ಟರು. ಅನ್ನ ಬಿಟ್ಟೆ, ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ತಂದೆ, ದಿನಾ ಬೆಳಿಗ್ಗೆ ಜೋಗಿಮಟ್ಟಿ ರಸ್ತೆಯಲ್ಲಿ ನಡೆದೆ. ಎರಡು ವರ್ಷದಲ್ಲಿ ನಲವತ್ತು ಕೆ.ಜಿ. ಇಳಿಯಿತು. ಎಲ್ಲರೂ ಭೇಷ್ ಎಂದರು. ಬಟ್ಟೆಯ ಒಳಗೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕೊಬ್ಬು ಹೋಯಿತು, ಚರ್ಮ ಅಲ್ಲೇ ಉಳಿಯಿತು. ಹೊಟ್ಟೆಯ ಚರ್ಮವನ್ನು ಎತ್ತಿ ಲಂಗದೊಳಗೆ ತುರುಕಿ ಲಾಡಿ ಕಟ್ಟಬೇಕು. ದುರ್ಗದ ಬಿಸಿಲಿಗೆ ಮಡಿಕೆಯೊಳಗೆ ಬೆವತು ಹುಣ್ಣಾಗುತ್ತದೆ. ಪೌಡರ್ ಹಾಕಿ, ಮೆತ್ತನೆ ಹಳೆ ಬಟ್ಟೆ ಇಟ್ಟುಕೊಂಡು ಅಂಗನವಾಡಿಗೆ ಹೋಗುತ್ತೇನೆ. ಹಾಡು ಹೇಳಿಕೊಡಲು ಕೈ ಎತ್ತಿದರೆ ತೋಳಿನ ಚರ್ಮ ಅಲ್ಲಾಡುತ್ತದೆ, ಮಕ್ಕಳು ನಗುತ್ತವೆ. ನಾನೂ ಮೊಣಕೈ ಮುಚ್ಚುವ ರವಿಕೆ ಹೊಲಿಸಿಕೊಂಡೆ. “ಎಣ್ಣೆ ತಿಕ್ಕಿದ್ರೆ ಹೋಗಲ್ಲಮ್ಮ ಇದು, ಕೊಯ್ದು ತೆಗೀಬೇಕು” ಎಂದರು ಡಾಕ್ಟರು. ಬೇಡ ಎಂದು ಬಂದೆ.

ಒಂದು ಭಾನುವಾರ ಸ್ನಾನ ಮಾಡಿ ಬಂದು ಹೊಸ ಬೀರುವಿನ ಕನ್ನಡಿಯ ಮುಂದೆ ಪೌಡರ್ ಹಾಕಿಕೊಳ್ಳುತ್ತಿದ್ದೆ. ಎರಡು ಬೆರಳು ಚರ್ಮ ಹಿಡಿದವು. ಆ ಅಭ್ಯಾಸದ ಹಿಡಿತ, ಅಪ್ಪ ಕಲಿಸಿದ್ದು. ಕೈ ಹೇಳಿತು: ಹೆತ್ತಿದ್ದಾಳೆ.

ನಾನು — ಹೆತ್ತಿದ್ದೇನೆ! ಒಂದು ತಿಂಗಳೂ ಬಸಿರು ನಿಲ್ಲದ ನಾನು! ಪೌಡರ್ ಡಬ್ಬಿ ಕೆಳಗೆ ಬಿತ್ತು. ಮಂಚದ ಮೇಲೆ ಕುಳಿತುಬಿಟ್ಟೆ. ನಾನು ಉಳಿಸಿಕೊಂಡಿದ್ದ ಆ ಒಂದು ಸಂದೂ ಮುಚ್ಚಿಹೋಯಿತು. ಅದು ನಿನ್ನ ಹೊಟ್ಟೆಯೇ. ಅವೇ ಮಡಿಕೆ, ಅವೇ ಬಿಳಿ ಗೀರು.

ಮರುದಿನವೇ ಐಮಂಗಲದ ಬಸ್ಸು ಹತ್ತಿದೆ. ಅವ್ವನನ್ನು ಕೋಣೆಗೆ ಕರೆದು ಸೆರಗು ಸರಿಸಿ ಹೊಟ್ಟೆ ತೋರಿಸಿದೆ. ತೋರಿಸಿದರೆ ತಿಳಿಯುತ್ತದೆ ಎಂದುಕೊಂಡಿದ್ದೆ. ಅವ್ವ ಮುಟ್ಟಿ ನೋಡಿದಳು. ಮೆಲ್ಲಗೆ ಕೈ ಹಿಂದಕ್ಕೆ ತೆಗೆದಳು. ಬಾಗಿಲು ಮುಂದೆ ಮಾಡಿ ಬಂದು, ಬಿಳಿಚಿಕೊಂಡ ಮುಖದಲ್ಲಿ ಕೇಳಿದಳು:

“ನಿಜ ಹೇಳೇ. ಲಗ್ನಕ್ಕೆ ಮುಂಚೆ ಹಾಸ್ಟೆಲ್ನಾಗಿದ್ದಾಗ ಏನಾರ ಆಗಿತ್ತಾ? ಅದ್ಕೇನಾ ನಿಂಗೆ ಆಮ್ಯಾಲೆ ಮಕ್ಕಳಾಗ್ಲಿಲ್ಲ?”

ನನ್ನನ್ನು ಹೆತ್ತವಳು! ಇಪ್ಪತ್ತಮೂರು ವರ್ಷ ನನ್ನ ಜೊತೆ ಗುಡಿ ಗುಡಿ ಸುತ್ತಿ ಅತ್ತವಳು. ಒಂದು ಹಿಡಿ ಚರ್ಮ ನೋಡಿ ನನ್ನನ್ನು ನಂಬದೆ ಹೋದಳು. ನಾನು ಕೂಗಾಡಿದೆ, ರವಿಕೆ ಬಿಚ್ಚಿ ತೋಳು ತೋರಿಸಿದೆ. ಅವ್ವ ತೋಳು ನೋಡಿದಳು, ಹೊಟ್ಟೆ ನೋಡಿದಳು, ಮತ್ತೆ ತೋಳು ನೋಡಿದಳು. “ಆ ಹುಡ್ಗೀ ತೋಳೂ...?” ಎಂದಳು.

“ಹೂಂ ಅವ್ವ. ಹಿಂಗೇ ಇತ್ತು. ನೋಡಿದ್ದೆ.”

ಅವ್ವ ಗೋಡೆ ಹಿಡಿದು ಕುಳಿತಳು. ಆಮೇಲೆ ಅಂದದ್ದು ಒಂದೇ ಮಾತು: “ಯಾರ್ಗೂ ಹೇಳ್ಬ್ಯಾಡ.”

ನನ್ನನ್ನು ಅವ್ವ ಅನುಮಾನಿಸಿದ್ದು ಎರಡು ನಿಮಿಷ, ಮುಚ್ಚಿದ ಬಾಗಿಲ ಹಿಂದೆ. ನನಗೆ ತೋರಿಸಲು ತೋಳುಗಳಿದ್ದವು, ನೋಡಲು ಅವ್ವ ಇದ್ದಳು. ನಿನಗೂ ತೋಳುಗಳಿದ್ದವು. ಅವುಗಳ ಬದಲು ನಾನು ಉತ್ತರ ಕೊಟ್ಟುಬಿಟ್ಟಿದ್ದೆ.

ಅವ್ವನ ಮಾತು ಕೇಳಲಿಲ್ಲ. ತಮ್ಮನಿಗೆ, ಅವನ ಹೆಂಡತಿಯ ಎದುರಿಗೇ ಹೇಳಿದೆ. ಅವನು ಎದ್ದು ಕುರಿಗಳ ಕಡೆ ಹೋದ. ಅವತ್ತಿಂದ ನನ್ನ ಫೋನ್ ಎತ್ತಿಲ್ಲ. ಅಂದು ಚಪ್ಪರದಲ್ಲಿದ್ದ ಹೆಂಗಸರ ಮನೆಗಳಿಗೆ ಒಂದೊಂದಾಗಿ ಹೋಗಿ ಹೇಳಿದೆ. ಅವತ್ತು ಆ ಪ್ರಶ್ನೆ ಕೇಳಿದವಳು ದೊಡ್ಡವ್ವ, ಅವಳು ಈಗಿಲ್ಲ. ಚಿಕ್ಕವ್ವ, “ಈಗ್ಯಾಕವ್ವ ಅದೆಲ್ಲ, ಟೀ ಕುಡಿ” ಎಂದಳು. ಅವತ್ತಿನ ನನ್ನ ಸುಳ್ಳು ಸಂಜೆಯೊಳಗೆ ಮತ್ತೋಡು ಮುಟ್ಟಿತ್ತು. ಈಗ ಹೇಳಿದ ನಿಜ ಎರಡು ತಿಂಗಳಾದರೂ ಹಿರಿಯೂರು ದಾಟಿಲ್ಲ.

ನಿಮ್ಮೂರಿಗೇ ಬಂದು ಬೀದಿಯಲ್ಲಿ ನಿಂತು ಕೂಗಿ ಹೇಳುತ್ತೇನೆ ಎಂದು ಹೊರಟೆ. ಹೊಸದುರ್ಗದ ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದೆ. ಅಲ್ಲಿ ಕುಳಿತಾಗ ಹೊಳೆಯಿತು — ಮತ್ತೆ ನಿನ್ನ ಮೈಯ ವಿಷಯ, ಮತ್ತೆ ಜನರ ಮಧ್ಯೆ, ಮತ್ತೆ ನಿನ್ನನ್ನು ಕೇಳದೆ... ನಾನು ಇನ್ನೂ ಅದೇ ಹೆಂಗಸು. ಅಲ್ಲಿಂದಲೇ ವಾಪಸು ಬಸ್ಸು ಹತ್ತಿ ಮನೆಗೆ ಬಂದೆ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಹೆಸರು ಬದಲಿಸಿ. ಯಾರ ಮುಂದೆ ಹೇಳಬೇಕು, ಎಷ್ಟು ಹೇಳಬೇಕು, ಇಲ್ಲ ಬಾಯಿ ಮುಚ್ಚಿಕೊಂಡಿರಬೇಕೋ — ನೀನು ತಿಳಿಸಿದ ಹಾಗೆ. ಎಲ್ಲಿಗೆ ಕರೆದರೂ ಬರುತ್ತೇನೆ. ಕರೆಯದಿದ್ದರೆ ಬರುವುದಿಲ್ಲ. ಆದರೆ ಯಾರಾದರೂ ನನ್ನನ್ನು ಕೇಳಿದರೆ ಇನ್ನು ಮೇಲೆ ನನ್ನ ಉತ್ತರ ಇದೊಂದೇ: ನೀನು ಹೆತ್ತಿರಲಿಲ್ಲ. ನನಗೆ ಅದು ಅವತ್ತೇ ಗೊತ್ತಿತ್ತು.