ಹರಿಗೋಲಿನಲ್ಲಿ ಆದ ಸೂಜಿ

ಎಪ್ಪತ್ತರ ದಶಕದಲ್ಲಿ ಮುದ್ದೇಬಿಹಾಳದ ಕಡೆ ಕಾಲರಾ ಹಬ್ಬಿದಾಗ, ಆರೋಗ್ಯ ಇಲಾಖೆಯ ಸೂಜಿಮದ್ದಿನ ಪೆಟ್ಟಿಗೆ ಹಿಡಿದು ಹರಿಗೋಲಿನಲ್ಲಿ ಕೃಷ್ಣೆಯ ನಡುಗಡ್ಡೆಗೆ ಹೊರಟೆ. ಬೇಸಿಗೆ ಹತ್ತಿರವಿತ್ತು. ಹೊಳೆ ಬತ್ತಿದರೆ ಜನ ನಡೆದೇ ದಾಟುತ್ತಾರೆ, ಅವರ ಜೊತೆ ರೋಗವೂ.

ದಡದಲ್ಲಿ ಮುದುಕಿಯೊಬ್ಬಳು ಕೋಲು ಅಡ್ಡ ಹಿಡಿದಳು. ಹಿಂದೆ ಇಡೀ ಊರು ನಿಂತಿತ್ತು.

"ನಿಮಗ ಸೂಜಿ ಆಗೇತೇನ್ರಿ?"

ಹತ್ತೂರಿಗೆ ಚುಚ್ಚುವ ಗಡಿಬಿಡಿಯಲ್ಲಿ ನನ್ನದೇ ಮರೆತಿತ್ತು. "ಇಲ್ಲಬೇ ಯವ್ವಾ."

"ಹಂಗಾದ್ರ ಇಳೀಬ್ಯಾಡ್ರಿ. ರೋಗದ ಊರಿಂದ ಬಂದೀರಿ, ಮದಲ ನೀವು ಚುಚ್ಚಿಗೋರಿ."

ಸಿಟ್ಟು ಬಂತು. ಆದರೆ ಮಾತು ಖರೇ ಇತ್ತು. ತೂಗಾಡುವ ಹರಿಗೋಲಿನಲ್ಲೇ ನನ್ನ ರಟ್ಟೆಗೆ ನಾನೇ ಚುಚ್ಚಿಕೊಂಡೆ. ದಡದಲ್ಲಿ ಚಪ್ಪಾಳೆ! ಆಮೇಲೆ ಆಕೆಯೇ ಮೊದಲು ತೋಳೊಡ್ಡಿದಳು; ಸಂಜೆಯೊಳಗೆ ಊರಿಗೆಲ್ಲ ಸೂಜಿಯಾಯಿತು.

ಹೊಳೆ ಬತ್ತಿತು. ಆ ಬೇಸಿಗೆ ನಡುಗಡ್ಡೆಯಲ್ಲಿ ಒಬ್ಬರೂ ಹಾಸಿಗೆ ಹಿಡಿಯಲಿಲ್ಲ.

ಆ ಊರಲ್ಲಿ ಸೂಜಿ ಹಾಕಿಸಿಕೊಂಡವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇತ್ತು. ನಮ್ಮ ಸಾಹೇಬರು ಕನ್ನಡಕ ಏರಿಸಿ ಕೇಳಿದರು: "ನೀವು ಆ ಊರಾವ್ರೇನ್ರಿ?"

"ಹೌದ್ರಿ," ಅಂದೆ.