ಪೊರಕೆ ಸದ್ದಿನ ರೆಕಾರ್ಡು

ಕಾಡುಗೋಡಿಯ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವುದು ಮುನಿಯಮ್ಮನವರ ಪೊರಕೆ. ಅವರು ನನ್ನ ಮನೆಯ ಮಾಲೀಕರು. ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಗೇಟಿನ ಪಕ್ಕದ ಹೊಂಗೆ ಮರವನ್ನು ಮಾತ್ರ ಅವರು ಕಡಿಯಲು ಬಿಟ್ಟಿಲ್ಲ. ಅದು ಉದುರಿಸಿದ ಎಲೆಯನ್ನು ತೆಂಗಿನ ಕಡ್ಡಿ ಪೊರಕೆಯಿಂದ ತಾವೇ ಗುಡಿಸುತ್ತಾರೆ. ಸಿಮೆಂಟಿನ ಮೇಲೆ ಒಂದು ಉದ್ದನೆಯ ಸರ್ ಎಂಬ ಸದ್ದು, ಹಿಂದೆಯೇ ಎರಡು ಗಿಡ್ಡ ಸರ್, ಮತ್ತೆ ಉದ್ದನೆಯದು. ಮೇಲಿನ ಮನೆಯಲ್ಲಿ ಹಾಸಿಗೆಯಲ್ಲಿದ್ದುಕೊಂಡೇ ನಾನು ಅದನ್ನು ಕೇಳುತ್ತೇನೆ. ಮುಂದಿನ ಸುತ್ತಿಗೆ ತುತ್ತೂರಿ ಸೇರಿಕೊಳ್ಳಬೇಕು ಅಂತ ಕಾಯುತ್ತೇನೆ. ಸೇರುವುದಿಲ್ಲ. ಹಾಲಿನವರ ಸ್ಕೂಟರು ಬರುತ್ತದೆ.

ತುತ್ತೂರಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನನ್ನ ಬಳಿ ಒಂದು ಜಾಝ್ ರೆಕಾರ್ಡಿದೆ. ಅದರಲ್ಲಿ ಡ್ರಮ್ಮಿನವನು ಕೋಲಿನಿಂದ ಬಡಿಯುವುದಿಲ್ಲ. ತಂತಿಯ ಸಣ್ಣ ಕುಂಚಗಳನ್ನು ಹಿಡಿದು ಚರ್ಮದ ಮೇಲೆ ಸುಮ್ಮನೆ ಸವರುತ್ತಾ ಹೋಗುತ್ತಾನೆ. ನನ್ನ ಕಪಾಟಿನಲ್ಲಿ ಬೇರೆ ರೆಕಾರ್ಡುಗಳೂ ಇವೆ. ಒಂದರಲ್ಲಿ ಪಿಯಾನೋದವನು ನುಡಿಸುತ್ತಾ ನುಡಿಸುತ್ತಾ ತನಗೇ ಗೊತ್ತಿಲ್ಲದೆ ಗುನುಗುತ್ತಾನೆ. ಇನ್ನೊಂದು ಯಾವುದೋ ಹೋಟೆಲಿನಲ್ಲಿ ಧ್ವನಿಮುದ್ರಿಸಿದ್ದು. ಹಾಡುವ ಹೆಂಗಸಿನ ಹಿಂದೆ ಚಮಚಗಳ ಸದ್ದು ಬರುತ್ತದೆ, ಯಾರೋ ಕೆಮ್ಮುತ್ತಾರೆ. ಎರಡೂ ಪ್ರಿಯವೇ. ಪತ್ರಿಕೆಯ ಡೆಸ್ಕಿನಲ್ಲಿ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಓದಿ ತಪ್ಪು ಹುಡುಕಿದ ಜನ್ಮ ನನ್ನದು, ಕೇಳಿದ್ದನ್ನೇ ಕೇಳುವುದು ಕಷ್ಟವಲ್ಲ. ಆದರೆ ತಿರುಗಿ ತಿರುಗಿ ಹೋಗುವುದು ಪೊರಕೆಯ ರೆಕಾರ್ಡಿಗೇ. ಅದು ನನ್ನೊಬ್ಬನದಲ್ಲ.

ಕಾಡುಗೋಡಿಗೆ ಬರುವ ಮೊದಲು ನಾನು ಪೀಣ್ಯದಲ್ಲಿದ್ದೆ. ಕೆಳಗಿನ ಮನೆಯಲ್ಲಿ ಗದಗದ ಕಡೆಯ ಬಸವರಾಜ ಮತ್ತು ಅವರ ಹೆಂಡತಿ ಶಾಂತಕ್ಕ ಇದ್ದರು. ಬಸವರಾಜ ಪವರ್ ಪ್ರೆಸ್ ಆಪರೇಟರ್. ತಗಡನ್ನು ಒಂದೇ ಏಟಿಗೆ ಕತ್ತರಿಸಿ ಆಕಾರ ಕೊಡುವ ಯಂತ್ರ ಅದು. ಭಾನುವಾರದ ಸಂತೆಯಲ್ಲಿ ಹಳೆಯ ರೇಡಿಯೋ ಬಿಡಿಭಾಗ ಹುಡುಕಲು ಹೋದವರು ಒಂದು ಪ್ಲೇಯರನ್ನೂ, ಕವರಿಲ್ಲದ, ಲೇಬಲ್ ಕಿತ್ತುಹೋದ ಈ ರೆಕಾರ್ಡನ್ನೂ ತಂದಿದ್ದರು. ಕೇಳಿದ ಮೊದಲ ದಿನವೇ ಮೆಟ್ಟಿಲು ಹತ್ತಿ ಬಂದು ನನ್ನನ್ನು ಕರೆದರು. "ಪೇಪರ್‌ನವ್ರು ನೀವು, ಇವ್ರು ಯಾರ್ ಅಂತ ಹೇಳ್ರಿ ನೋಡೋಣು."

ನನಗೆ ಗೊತ್ತಿರಲಿಲ್ಲ. ಹೆಸರಿಲ್ಲದ ಸುದ್ದಿ ಎಂದರೆ ನನಗೆ ಅಂಗಿಗೆ ಗುಂಡಿ ಇಲ್ಲದಂತೆ. ವಿಚಾರಿಸುತ್ತೇನೆ ಅಂದೆ. ಅವರು ಕೈ ಅಲ್ಲಾಡಿಸಿದರು. "ಬ್ಯಾಡ್ರಿ. ಹೆಸರು ನಾವ ಇಡೋಣು." ಹಾಗೆ ತುತ್ತೂರಿಯ ಬಾಯಿಗೆ ಏನೋ ಮುಚ್ಚಿ ಊದುವವನು ಮೂಗು ಕಟ್ಟಿದಾತನಾದ. ದೊಡ್ಡ ತಂತಿವಾದ್ಯವನ್ನು ಮೀಟುವವನು, ಆತುರವೇ ಇಲ್ಲದ ಹೆಜ್ಜೆಯಿಂದಾಗಿ, ಗೌಡ್ರಾದ. ಕುಂಚದವನು ಕಸ ಹೊಡಿಯಾಂವ, ಅಂದರೆ ಗುಡಿಸುವವನು.

ಭಾನುವಾರ ತಿಂಡಿಯಾದ ಮೇಲೆ ರೆಕಾರ್ಡು. ಶಾಂತಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ, "ಮತ್ತ ಅದನ್ನ ಹಚ್ಚಿದ್ರ್ಯಾ? ಆ ಮೂಗು ಕಟ್ಟಿದಾತಗ ಒಂದೀಟು ಕಷಾಯ ಕೊಡ್ರಿ" ಅನ್ನುವರು. ಕೆಲವು ವರ್ಷ ಹೀಗೇ ನಡೆಯಿತು.

ಒಂದು ಭಾನುವಾರ ಬಸವರಾಜ ತಲೆ ವಾಲಿಸಿ ಕೇಳಿದರು. "ಕಸ ಹೊಡಿಯಾಂವ ಸಣ್ಣಗಾಗ್ಯಾನಲ್ರೀ."

"ಇದ್ದಾನಲ್ಲ" ಅಂದೆ.

"ಅದಾನ, ಆದ್ರ ಮೊದ್ಲಿನಂಗಿಲ್ಲ. ರೆಕಾರ್ಡ್ ಸವದೈತಿ."

ಸವೆದಿರಬಹುದು ಎಂದು ನನಗೂ ಅನ್ನಿಸಿತು. ಅಷ್ಟು ಸಲ ಹಾಕಿದ್ದೆವು. ಅವರು ಮುಳ್ಳು ಬದಲಾಯಿಸಿದರು. ಸೋಪು ನೀರಿನಲ್ಲಿ ರೆಕಾರ್ಡನ್ನು ಮಗುವಿಗೆ ಸ್ನಾನ ಮಾಡಿಸಿದ ಹಾಗೆ ತೊಳೆದರು. ಪ್ಲೇಯರನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರು. ಪ್ರೆಸ್ಸಿನಿಂದ ಬರುವ ಮಾಲು ಕೆಟ್ಟರೆ ತಪ್ಪನ್ನು ಅಚ್ಚಿನಲ್ಲಿ ಹುಡುಕಬೇಕು, ಅದು ಅವರ ಕೆಲಸದ ಕ್ರಮ. ಇಲ್ಲಿಯೂ ಯಂತ್ರದಲ್ಲೇ ಹುಡುಕಿದರು. ಎಲ್ಲಾ ಮುಗಿಸಿ ಮತ್ತೆ ಹಾಕಿದಾಗ ಮುಖ ಇನ್ನೂ ಸಪ್ಪಗಾಯಿತು. "ಪೂರ್ತಿ ಹ್ವಾದ ನೋಡ್ರಿ" ಅಂದರು.

ಶಾಂತಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. "ಎಲ್ಲಿ ಹೋಗ್ಯಾನ? ಒಳಗ ನನಗ ಕೇಳಸಾಕತ್ತೈತಲ್ಲ. ಅಂಗಳ ಹೊಡದಂಗ."

ಬಸವರಾಜ ಅವರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನಗೂ ಕೇಳುತ್ತಿದೆ ಎಂದು ತಲೆಯಾಡಿಸಿದೆ. ಅವರು ಎದ್ದು ಹೋಗಿ ರೆಕಾರ್ಡು ನಿಲ್ಲಿಸಿದರು.

ಕಿವಿಯ ಡಾಕ್ಟರು ಹೇಳಿದ್ದು ಸರಳವಾಗಿತ್ತು. ಸದ್ದಿನಲ್ಲಿ ಕೆಲಸ ಮಾಡುವವರಿಗೆ ಮೊದಲು ಹೋಗುವುದು ತೆಳುವಾದ, ಮೇಲಿನ ಸ್ವರಗಳು. ಹೋದದ್ದು ಬರುವುದಿಲ್ಲ. ಪ್ರೆಸ್ಸಿನ ಮುಂದೆಯೇ ನಿಂತರೆ ಉಳಿದದ್ದೂ ಒಂದೊಂದಾಗಿ ಹೋಗುತ್ತದೆ.

ಕಾರ್ಖಾನೆಯಲ್ಲಿ ಕಿವಿಗೆ ತುರುಕಿಕೊಳ್ಳಲು ದಾರವಿದ್ದ ಸ್ಪಂಜು ಕೊಟ್ಟಿದ್ದರಂತೆ. ಅದನ್ನು ಎಲ್ಲರೂ ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದರು. ತಪಾಸಣೆಯವರು ಬಂದಾಗ ಮಾತ್ರ ಕಿವಿಗೆ. ನಾನು ಯಾಕೆ ಅಂತ ಕೇಳಿದ್ದಕ್ಕೆ ಬಸವರಾಜ ಸ್ವಲ್ಪ ಸಿಟ್ಟಾದರು. "ಕಿವಿ ಮುಚ್ಚಿದ್ರ ಅಚ್ಚು ಮೊಂಡಾಗಿದ್ದು ಹೆಂಗ ತಿಳೀತೈತ್ರೀ? ಮಾಲ್ ಕೆಡೋಕಿನ್ನ ಮೊದ್ಲ ಅದು ದನಿ ಬದಲ್ ಮಾಡ್ತೈತಿ." ಒಳ್ಳೆಯ ಆಪರೇಟರ್ ಎಂದರೆ ಯಂತ್ರದ ದನಿ ಹಿಡಿಯುವವನು. ಅದಕ್ಕೆ ಕಿವಿ ತೆರೆದಿಡಬೇಕು. ತೆರೆದಿಟ್ಟರೆ ಕಿವಿ ಹೋಗುತ್ತದೆ. ಇದನ್ನು ನಾನು ಒಂದು ವರದಿಯ ಮೊದಲ ಪ್ಯಾರಾ ಮಾಡಬಹುದಿತ್ತು. ಮಾಡಲಿಲ್ಲ. ಅವರ ಮುಂದೆ ಕೂತಾಗ ಅದು ಸುದ್ದಿ ಅನ್ನಿಸಲಿಲ್ಲ.

ಮ್ಯಾನೇಜರು ಸ್ಟೋರ್ಸಿಗೆ ಹಾಕುತ್ತೇನೆ ಅಂದರು. ಅಲ್ಲಿ ಸದ್ದಿಲ್ಲ. ಆದರೆ ಪ್ರೆಸ್ ನಡೆಸುವವರಿಗಿರುವ ಮರ್ಯಾದೆಯೂ ಇಲ್ಲ. ಬೋಲ್ಟು ಎಣಿಸಿ ಕೊಡುವ ಕೆಲಸ. ಬಸವರಾಜ ಎರಡು ಭಾನುವಾರ ರೆಕಾರ್ಡು ಹಾಕಲಿಲ್ಲ. ಮೂರನೆಯ ಭಾನುವಾರ ಹಾಕಿದರು. ಮೊದಲ ಬದಿ ಮುಗಿದ ಮೇಲೆ ಅಂದರು, "ಸ್ಟೋರ್ಸಿಗೆ ಹೋಗ್ತೇನಿ. ಮೂಗು ಕಟ್ಟಿದಾತನ್ನರ ಉಳಿಸ್ಕೋಬೇಕು."

ಶಾಂತಕ್ಕ ಒಳಗಿನಿಂದ, "ನನ್ನ ದನಿ ಉಳಸ್ಕೊಳಾಕ ಅಲ್ಲಂತ, ಕೇಳ್ರಿ ಅಣ್ಣಾರ" ಅಂದರು. ಬಸವರಾಜರಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಮೂವರೂ ನಕ್ಕೆವು.

ಆಮೇಲೆ ಕಿವಿಯ ಯಂತ್ರ ಬಂತು. ಹಾಕಿಕೊಂಡು ರೆಕಾರ್ಡಿನ ಮುಂದೆ ಕೂತರು. ಕಸ ಹೊಡೆಯುವವನು ಬಂದ, ನಿಜ. ಆದರೆ ತಗಡಿನ ಶೀಟಿನ ಮೇಲೆ ಮೊಳೆ ಎಳೆದ ಹಾಗೆ ಕೇಳಿಸುತ್ತಾನಂತೆ. "ಇಂವ ಬ್ಯಾರೆ ಮನಶ್ಯಾರೀ" ಎಂದು ಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿದರು. ಮಾತಿಗೆ ಅದು ಬೇಕು, ರೆಕಾರ್ಡಿಗೆ ಬೇಡ. ಬಲಗೈಯನ್ನು ಸ್ಪೀಕರಿನ ಪೆಟ್ಟಿಗೆಯ ಮೇಲಿಟ್ಟರು. ಗೌಡ್ರ ಹೆಜ್ಜೆ ಅಂಗೈಗೆ ಸಿಕ್ಕಿತು. ಎಡಗೈಯನ್ನು ನನ್ನ ಕಡೆ ಚಾಚಿ, ಹುಬ್ಬು ಎತ್ತಿ ಕೇಳಿದರು: ಬಂದನೇ? ಪ್ರೆಸ್ಸಿನ ಗದ್ದಲದಲ್ಲಿ ಅವರೆಲ್ಲ ಮಾತಾಡುತ್ತಿದ್ದದ್ದು ಹಾಗೆ, ಕೈ ಮತ್ತು ಹುಬ್ಬಿನಲ್ಲಿ. ನಾನು ಬೆರಳ ತುದಿಗಳಿಂದ ಅವರ ಅಂಗೈಯನ್ನು ಸವರಿದೆ. ಒಂದು ಉದ್ದ, ಎರಡು ಗಿಡ್ಡ. ತಪ್ಪಾಯಿತು, ನಾನು ತಾಳದಲ್ಲಿ ಯಾವತ್ತೂ ಹಿಂದೆ. ಅವರಿಗೆ ಆ ಹಾಡು ಬಾಯಿಪಾಠ. ನಾನು ತಡಮಾಡಿದಾಗ ಮುಖ ಕಿವಿಚಿದರು.

ಅದರಿಂದ ನನಗೆ ಒಂದು ಅಭ್ಯಾಸ ಉಳಿಯಿತು. ಮೊದಲು ನಾನು ತುತ್ತೂರಿಯನ್ನೇ ಕೇಳುತ್ತಿದ್ದೆ, ಎಲ್ಲರ ಹಾಗೆ. ಈಗ ಒಬ್ಬನೇ ಇದ್ದಾಗಲೂ ಕುಂಚದವನ ಹಿಂದೆಯೇ ಹೋಗುತ್ತೇನೆ. ಅವನು ಎಲ್ಲಿ ತಡೆಯುತ್ತಾನೆ, ಎಲ್ಲಿ ಒಂದು ಸುತ್ತು ಬಿಟ್ಟು ಸುಮ್ಮನಿರುತ್ತಾನೆ ಅನ್ನುವುದು ನನಗೆ ಗೊತ್ತಿರಬೇಕು. ಬಸವರಾಜರಿಗೆ ವರದಿ ಒಪ್ಪಿಸಬೇಕಲ್ಲ.

ನಾನು ಕಾಡುಗೋಡಿಗೆ ಬರುವಾಗ ಬಸವರಾಜ ರೆಕಾರ್ಡನ್ನು ನನ್ನ ಕೈಗೆ ಕೊಟ್ಟರು. "ಕಿವಿ ಇದ್ದವ್ರ ಮನ್ಯಾಗ ಇರ್ಲಿ. ನಾ ಬರ್ತೇನಿ" ಅಂದರು. ಹೇಳಿದ ಹಾಗೆ ಬರುತ್ತಾರೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸಿ, ಶಾಂತಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು.

ನಿನ್ನೆ ಸಂಜೆ ಬಂದವರು ಇಲ್ಲೇ ಉಳಿದಿದ್ದರು. ಇವತ್ತು ಬೆಳಿಗ್ಗೆ ಪೊರಕೆಯ ಸದ್ದಿಗೆ ನಾನು ಎದ್ದು ಹೊರಗೆ ಬಂದಾಗ ಅವರು ಆಗಲೇ ಬಾಲ್ಕನಿಯಲ್ಲಿ ಕೂತಿದ್ದರು. ಕಿವಿ ಖಾಲಿ, ಕಣ್ಣು ಅಂಗಳದ ಮೇಲೆ. ಕೆಳಗೆ ಮುನಿಯಮ್ಮ ಬಗ್ಗಿ ಗುಡಿಸುತ್ತಿದ್ದರು. ಬಸವರಾಜರ ಬೆರಳುಗಳು ಕಬ್ಬಿಣದ ಕಂಬಿಯ ಮೇಲೆ ಆ ಪೊರಕೆಯ ಜೊತೆ ಜೊತೆಗೇ ಓಡಾಡುತ್ತಿದ್ದವು. ನಾನು ಪಕ್ಕದಲ್ಲಿ ಕೂತೆ. ಅವರು ತಿರುಗದೆಯೇ ಎಡಗೈ ಚಾಚಿದರು.

ರಾತ್ರಿ ಹನಿ ಬಿದ್ದು ಎಲೆ ಒದ್ದೆಯಾಗಿತ್ತು. ಸದ್ದು ಎಂದಿಗಿಂತ ದಪ್ಪಗಿತ್ತು, ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿತ್ತು. ಅವರ ಅಂಗೈಯ ಮೇಲೆ ಹಾಗೆಯೇ ಎಳೆದೆ. ಅವರು ತಲೆಯಾಡಿಸಿ, ಕಂಬಿಯ ಮೇಲಿನ ಬೆರಳುಗಳನ್ನು ನಿಧಾನ ಮಾಡಿದರು.

ಮುನಿಯಮ್ಮ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದರು. "ಏನ್ ಸಾರ್, ಕಸ ಗುಡ್ಸೋದ್ನ ಇಬ್ರೂ ಸಿನಿಮಾ ನೋಡ್ದಂಗ್ ನೋಡ್ತಾ ಕುಂತಿದೀರಲ್ಲ. ಮುಗೀತು, ಎದ್ದೋಗಿ."

"ಏನಂದ್ರು?" ಅಂತ ಬಸವರಾಜ ಹುಬ್ಬು ಎತ್ತಿದರು. ನಾನು ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

ಬಸವರಾಜ ಅಂಗಳದ ಕಡೆ ಗಲ್ಲ ಎತ್ತಿದರು. "ಮೊದ್ಲಿಂದ ಇನ್ನೊಮ್ಮೆ ಹಚ್ಚಾಕ ಹೇಳ್ರಿ" ಅಂದರು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.