ಕುಕ್ಕರ್ ಕೂಗಲೇ ಇಲ್ಲವಂತೆ

ನನ್ನ ಗಂಡ ಇಂದುಶೇಖರ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್‌ಗಳ ಫೋರ್‌ಮನ್. ಎಂಬತ್ತೇಳರಿಂದ, ಅಂದರೆ ಇಪ್ಪತ್ತು ವರ್ಷದಿಂದ, ಆ ಗದ್ದಲದಲ್ಲೇ ಇದ್ದಾರೆ. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಪ್ಲಗ್‌ಗಳನ್ನು ಮುಟ್ಟಿಯೂ ನೋಡಿಲ್ಲ. "ಪ್ರೆಸ್ ಕೆಡುವ ಮೊದಲು ಅದರ ಸದ್ದು ಬದಲಾಗುತ್ತೆ. ಕಿವಿ ಮುಚ್ಚಿಕೊಂಡರೆ ನನಗೆ ಯಾರು ಹೇಳ್ತಾರೆ, ನಿಮ್ಮಪ್ಪನಾ?" ಎಂದು ನನ್ನ ಮೇಲೇ ಹಾರಾಡುತ್ತಾರೆ. ಗದ್ದಲದಲ್ಲಿದ್ದವರಿಗೆ ಕೀರಲು ಸದ್ದು ಮೊದಲು ಕೇಳಿಸದಾಗುತ್ತದೆ ಎಂದು ಡಾಕ್ಟರ್ ಹೇಳಿದಾಗ ನಕ್ಕುಬಿಟ್ಟರು. ಮನೆಯಲ್ಲಿ ಟಿವಿ ಗೋಡೆ ಅದುರುವಷ್ಟು ಜೋರು. ಕೇಳಿದರೆ, ನನ್ನ ದನಿಯೇ ಸಣ್ಣದಂತೆ!

ಮೊನ್ನೆ ಭಾನುವಾರ ನನಗೆ ಭೇದಿ ಶುರುವಾಯಿತು. ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಯುತ್ತ ಮಲಗಿದ್ದೆ. "ರೀ, ಗಂಜಿಗೆ ಕುಕ್ಕರ್ ಇಟ್ಟಿದ್ದೀನಿ. ನಾಲ್ಕು ಕೂಗು ಕೂಗಿದರೆ ಆರಿಸಿ" ಎಂದೆ, ಅಷ್ಟೇ. ಮಹಾರಾಯರು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿದರು. ಕುಕ್ಕರ್ ನಾಲ್ಕು ಕೂಗಿತು, ಎಂಟೂ ಕೂಗಿತು. ಸೀದ ವಾಸನೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಾನೇ ಎದ್ದು ಹೋಗಿ ಆರಿಸಿದೆ.

"ಏನ್ರೀ, ಕಿವಿ ಎಲ್ಲಿಟ್ಟಿದ್ರಿ?"

"ಕೂಗಲೇ ಇಲ್ಲ ಕಣೇ! ಗ್ಯಾಸ್ಕೆಟ್ ಹೋಗಿದೆ" ಎಂದು ನನಗೇ ರೇಗಿದರು.

ಮೈಯೆಲ್ಲ ಉರಿದುಹೋಯಿತು. ಕುಕ್ಕರ್ ತೊಳೆದು, ಬರೀ ನೀರು ಹಾಕಿ ಮತ್ತೆ ಒಲೆಯ ಮೇಲಿಟ್ಟು, ಅವರನ್ನು ಅದರ ಎದುರಿಗೇ ನಿಲ್ಲಿಸಿದೆ. ವೇಟ್ ಎದ್ದಿತು, ಹಬೆ ಚಿಮ್ಮಿತು. ಒಳಕೋಣೆಯಲ್ಲಿ ಓದುತ್ತಿದ್ದ ಮಗಳು ಅಮೂಲ್ಯ, "ಅಮ್ಮಾ, ಫಿರ್ ಸೇ ಸೀಟಿ? ಮತ್ತೆ ಕೂಗಿಸ್ತಿದ್ದೀಯಾ?" ಎನ್ನುತ್ತ ಎರಡೂ ಕಿವಿ ಮುಚ್ಚಿಕೊಂಡು ಬಂದಳು.

ಅವರು ಹಬೆಯನ್ನು ನೋಡಿದರು. ಅವಳ ಮುಚ್ಚಿದ ಕಿವಿಗಳನ್ನು ನೋಡಿದರು. ಆಮೇಲೆ ತಾವೇ ಕೈ ಚಾಚಿ ಒಲೆ ಆರಿಸಿದರು.